ಸೌಟಮ್ಮ ಬರೆದ ಒಂಬತ್ತನೆಯ ಸಾಲು

ಕಥೆ ಬರೆಯಬೇಕೆಂಬ ಹುಚ್ಚು ಸೌಟಮ್ಮನಿಗೆ ಹತ್ತಿದ್ದು ನಲವತ್ತೊಂದನೆಯ ವಯಸ್ಸಿನಲ್ಲಿ. ಆ ವಯಸ್ಸಿಗೆ ಬೇರೆಯವರಿಗೆ ಮಂಡಿನೋವು ಹತ್ತುತ್ತದೆ. ಅವಳಿಗೆ ಎರಡೂ ಒಟ್ಟಿಗೇ ಹತ್ತಿದವು.

ಫ್ಯಾನು ತಯಾರಿಸುವ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವಳು ಮೂರು ವರ್ಷದಿಂದ ಬೇಯಿಸಿ ಬಡಿಸುತ್ತಿದ್ದಳು. ಇನ್ನೂರ ಮೂವತ್ತು ತಟ್ಟೆಗೆ ಒಂದೇ ಸೌಟು. ಯಾರ ತಟ್ಟೆಗೂ ಒಂದು ತೊಟ್ಟು ಹೆಚ್ಚು ಬೀಳುತ್ತಿರಲಿಲ್ಲ, ಒಂದು ತೊಟ್ಟು ಕಡಿಮೆಯೂ ಆಗುತ್ತಿರಲಿಲ್ಲ. ಆ ಹೆಸರಿಟ್ಟವರು ವೈಂಡಿಂಗ್ ವಿಭಾಗದ ಹೆಂಗಸರು. ಮೋಟರಿಗೆ ತಾಮ್ರದ ತಂತಿ ಸುತ್ತುವುದು ಅವರ ಕೆಲಸ. ಸುತ್ತಿನ ಲೆಕ್ಕ ತಪ್ಪಬಾರದೆಂದು ದಿನವಿಡೀ ತುಟಿ ಹೊಲಿದುಕೊಂಡು ಕೂರುವವರು, ಊಟದ ಅರ್ಧ ಗಂಟೆಯಲ್ಲಿ ಕಂಡವರಿಗೆಲ್ಲ ಹೆಸರಿಟ್ಟು ಸೇಡು ತೀರಿಸಿಕೊಳ್ಳುತ್ತಿದ್ದರು.

ಹುಚ್ಚು ಹತ್ತಿಸಿದವಳು ನಾದಿನಿ. ಅವಳಿಗೆ ಪೆನ್ನು ಪುಸ್ತಕ ಮಾರುವ ಅಂಗಡಿಯಲ್ಲಿ ಕೆಲಸ. ಸೌಟಮ್ಮ ಸಂಜೆ ಮನೆಗೆ ಬಂದು ಕ್ಯಾಂಟೀನಿನ ಸುದ್ದಿ ಹೇಳತೊಡಗಿದರೆ ಒಲೆಯ ಮೇಲಿಟ್ಟದ್ದು ಸೀಯುವವರೆಗೂ ಮನೆಯವರಿಗೆ ಎಚ್ಚರವಿರುತ್ತಿರಲಿಲ್ಲ. ಒಂದು ದಿನ ನಾದಿನಿ ದಪ್ಪ ರಟ್ಟಿನ ನೋಟ್‌ಬುಕ್ಕೊಂದನ್ನು ತಂದು ಮೇಜಿನ ಮೇಲೆ ಕುಕ್ಕಿದಳು.

"ಅತ್ತಿಗೆ, ಬಾಯಲ್ಲಿ ಹೇಳೋದನ್ನ ಹಾಗೇ ಇದರಲ್ಲಿ ಇಳಿಸಿ. ಕಥೆಯಾಗುತ್ತೆ. ಸುಮ್ನೆ ಗಾಳಿಗೆ ಯಾಕೆ ಬಿಡ್ತೀರ?"

ಇಳಿಯಲಿಲ್ಲ. ನಾಲ್ಕು ಗಂಟೆಗೆ ಬಂದು, ಕೈಕಾಲು ತೊಳೆದು, ಪರೀಕ್ಷೆಗೆ ಕೂತವಳ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತರೆ, ಬಾಯಲ್ಲಿ ನೀರಿನ ಹಾಗೆ ಹರಿಯುವ ಮಾತು ಪೆನ್ನಿನ ತುದಿಗೆ ಬರುವಷ್ಟರಲ್ಲಿ ಹೆಪ್ಪುಗಟ್ಟುತ್ತಿತ್ತು. ಮೂರು ದಿನ ಹೆಣಗಾಡಿ ಒಂದು ಸಾಲು ಬರೆದಳು: "ಸೂರ್ಯನು ತನ್ನ ಹೊಂಗಿರಣಗಳನ್ನು ಬೆಟ್ಟದ ನೆತ್ತಿಯ ಮೇಲೆ ಚೆಲ್ಲುತ್ತಿರಲು..." ಚೆಲ್ಲುತ್ತಿರಲು ಏನಾಯಿತು? ಅವಳಿಗೇ ಗೊತ್ತಿರಲಿಲ್ಲ. ಸೂರ್ಯ ಹುಟ್ಟುವ ಹೊತ್ತಿಗೆ ಅವಳು ಕಿಟಕಿಯಿಲ್ಲದ ಅಡುಗೆಕೋಣೆಯಲ್ಲಿ ಈರುಳ್ಳಿ ಹೆಚ್ಚುತ್ತಿರುತ್ತಿದ್ದಳು. ಬೆಟ್ಟವನ್ನು ಕ್ಯಾಲೆಂಡರಿನಲ್ಲಿ ಕಂಡದ್ದೇ ಹೊರತು ಹತ್ತಿ ಗೊತ್ತಿರಲಿಲ್ಲ.

ಗಂಡ ಸರಕು ಸಾಗಿಸುವ ಗಾಡಿ ಓಡಿಸುತ್ತಿದ್ದ. ಬಂದವನು ಇಣುಕಿ ನೋಡುತ್ತಿದ್ದ.

"ಎಲ್ಲಿಗೆ ಬಂತೇ ಕಥೆ?"

"ಸೂರ್ಯ ಹುಟ್ಟಿದಾನೆ."

"ನಿನ್ನೇನೂ ಹುಟ್ಟಿದ್ದ. ಮುಳುಗೋದು ಯಾವಾಗ? ಹೊಟ್ಟೆ ಹಸೀತಿದೆ."

ನಾದಿನಿ ಸಮಾಧಾನ ಹೇಳಿದಳು. "ಸ್ಫೂರ್ತಿ ಬರೋವರೆಗೂ ಕಾಯಬೇಕು ಅತ್ತಿಗೆ. ಅದು ತಾನಾಗೇ ಬರುತ್ತಂತೆ."

"ನಮ್ಮನೆ ದಾರಿ ಗೊತ್ತೇನೆ ಅದಕ್ಕೆ? ಗ್ಯಾಸಿನವನೇ ಎರಡು ಸಲ ತಪ್ಪಿಸಿಕೊಂಡಿದಾನೆ."

ಮೂರು ತಿಂಗಳಾಯಿತು. ಸ್ಫೂರ್ತಿ ಬರಲಿಲ್ಲ. ನೋಟ್‌ಬುಕ್ಕು ಅಲುಗಾಡುವ ಮೇಜಿನ ಕಾಲಿಗೆ ಆನಿಕೆಯಾಯಿತು. ಅಲ್ಲಿ ಅದು ಒಳ್ಳೆಯ ಕೆಲಸ ಮಾಡಿತು ಎಂದು ಗಂಡ ಹೊಗಳಿದ.

ಕ್ಯಾಂಟೀನಿನ ಬಾಗಿಲ ಪಕ್ಕದಲ್ಲಿ, ಅಂಗಳಕ್ಕೆ ಮುಖ ಮಾಡಿ, ಒಂದು ದೊಡ್ಡ ಕಪ್ಪು ಬೋರ್ಡಿತ್ತು. ಯಾವುದೋ ಮುಚ್ಚಿಹೋದ ಶಾಲೆಯಿಂದ ತಂದದ್ದು. ದಿನವೂ ಹನ್ನೆರಡಕ್ಕೆ ಮುಂಚೆ ಅದರ ಮೇಲೆ ಅಂದಿನ ಊಟ ಬರೆಯಬೇಕೆಂಬುದು ನಿಯಮ. ಊಟವೆಂದರೆ ಅನ್ನ, ಬೇಳೆ, ಆಲೂಗಡ್ಡೆ, ಮೊಟ್ಟೆ. ಭೂಮಿ ಬಾಯಿಬಿಟ್ಟರೂ ಅದೇ ನಾಲ್ಕು. ಅಷ್ಟು ದೊಡ್ಡ ಬೋರ್ಡಿನಲ್ಲಿ ಆ ನಾಲ್ಕು ಪದ ಮೂಲೆಯಲ್ಲಿ ಮುದುಡಿಕೊಂಡಿರುತ್ತಿದ್ದವು.

ಒಂದು ದಿನ ತರಕಾರಿ ಗಾಡಿ ಬರಲಿಲ್ಲ. ಸಾಲಿನಲ್ಲಿ ನಿಂತ ಇನ್ನೂರು ಜನ ಒಬ್ಬೊಬ್ಬರೂ "ಆಲೂಗಡ್ಡೆ ಎಲ್ಲಿ?" ಎಂದು ಕೇಳಿ ತಲೆ ತಿನ್ನುತ್ತಾರೆಂದು ಗೊತ್ತಿದ್ದ ಸೌಟಮ್ಮ, ಸೀಮೆಸುಣ್ಣ ತೆಗೆದುಕೊಂಡು ಊಟದ ಪಟ್ಟಿಯ ಕೆಳಗೆ ಗೀಚಿದಳು: "ಆಲೂಗಡ್ಡೆ ಇಲ್ಲ. ತರುವ ಗಾಡಿ ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿದೆ."

ಸಾಲು ನಕ್ಕಿತು. ಮರುದಿನ ಆಲೂಗಡ್ಡೆ ಬಂದಿದ್ದರೂ ಪೇಂಟ್ ವಿಭಾಗದವನೊಬ್ಬ ತಟ್ಟೆ ಚಾಚಿ, "ನಿನ್ನೆ ಗಾಡಿ ಎಲ್ಲಿಗೆ ಹೋಗಿತ್ತಂತೆ ಸೌಟಮ್ಮ?" ಎಂದು ಕೇಳಿದ. ಅವಳು ಬಾಯಲ್ಲಿ ಹೇಳಲಿಲ್ಲ. ಅದರ ಮರುದಿನದ ಪಟ್ಟಿಯ ಕೆಳಗೆ ಬರೆದಳು: "ಗಾಡಿ ಒಬ್ಬ ಹೆಂಗಸಿನ ಮನೆ ಮುಂದೆ ನಿಂತಿದೆ. ಒಳಗಿಂದ ಒಗ್ಗರಣೆ ವಾಸನೆ ಬಂತಂತೆ."

ಮೂರನೆಯ ಸಾಲಿನಲ್ಲಿ ಆ ಹೆಂಗಸು ಯಾರೆಂದು ಹೇಳಬೇಕಾಯಿತು. ಯೋಚಿಸಲು ಪುರುಸೊತ್ತಿರಲಿಲ್ಲ, ಬೇಳೆ ಉಕ್ಕುತ್ತಿತ್ತು. ಕೈಗೆ ಬಂದದ್ದನ್ನು ಬರೆದಳು: "ಆ ಹೆಂಗಸು ಮೂವತ್ತು ಜನಕ್ಕೆ ಬಡಿಸಿ, ತಾನು ಮೋರಿಯ ಪಕ್ಕ ನಿಂತೇ ಉಣ್ಣುತ್ತಾಳೆ."

ಬರೆದು ಒಳಗೆ ಹೋಗಿ ಉರಿ ತಗ್ಗಿಸಿದ ಮೇಲೆ ಅವಳಿಗೆ ತಿಳಿಯಿತು: ಅದು ತನ್ನದೇ ಸಂಗತಿ. ಮೂರು ತಿಂಗಳು ಮೇಜಿನ ಮುಂದೆ ಕೂತು ಬೆಟ್ಟ ಹುಡುಕಿದವಳಿಗೆ ಮೋರಿ ಕಂಡಿರಲಿಲ್ಲ.

ಅಲ್ಲಿಂದ ದಿನಕ್ಕೊಂದು ಸಾಲು. ಒಲೆಯ ಮೇಲೆ ಬೇಳೆಯಿಟ್ಟು ಬಂದವಳಿಗೆ ಹೆಚ್ಚು ಹೊತ್ತಿಲ್ಲ. ಸಂಜೆ ಒರೆಸಿಹೋಗುವುದರಿಂದ ಕೆಟ್ಟದಾದರೂ ಪರವಾಗಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಬರೆದದ್ದನ್ನು ಓದಲು ಹಸಿದ ಜನ ಸಾಲುಗಟ್ಟಿ ನಿಂತಿರುತ್ತಿದ್ದರು. ತಟ್ಟೆ ಹಿಡಿದವರ ಮುಖ ನೋಡಿಯೇ ಅವಳಿಗೆ ಗೊತ್ತಾಗುತ್ತಿತ್ತು, ಸಾಲು ನಾಟಿತೋ ಜಾರಿತೋ ಎಂದು. ನಾದಿನಿಗೆ ವರದಿ ಒಪ್ಪಿಸಿದಳು. "ಸ್ಫೂರ್ತಿ ಅಂದ್ಯಲ್ಲ, ಅದು ಮನೆಗೆ ಬರೋ ಜಾತಿಯದಲ್ಲ ಕಣೆ. ಕೆಲಸದ ಜಾಗದಲ್ಲಿ ಸಿಗುತ್ತೆ, ಅದೂ ಕೈ ಖಾಲಿ ಇಲ್ಲದಾಗ."

ಆದರೆ ಸೌಟಮ್ಮನಿಗೆ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಅವಳು ಸೇರುವುದಕ್ಕೆ ಐದು ವರ್ಷ ಮುಂಚೆ ಆ ಕಾರ್ಖಾನೆಯಲ್ಲಿ ದೊಡ್ಡ ಮುಷ್ಕರ ನಡೆದಿತ್ತು. ಕೈಯಲ್ಲಿ ಕರಪತ್ರ ಸಿಕ್ಕಿದವರನ್ನು ಗೇಟಿನಲ್ಲೇ ಮನೆಗೆ ಕಳಿಸುತ್ತಿದ್ದ ಕಾಲ. ಆಗಿನ ಅಡುಗೆಯಾಕೆ ಸುದ್ದಿ ಮುಟ್ಟಿಸುತ್ತಿದ್ದದ್ದು ಇದೇ ಬೋರ್ಡಿನಲ್ಲಿ. "ಇಂದು ಟೀ ತಡ" ಎಂದರೆ ಸಂಜೆ ಸಭೆ. "ಮೊಟ್ಟೆ ಸಣ್ಣದು" ಎಂದರೆ ಪೊಲೀಸರು ಬರುತ್ತಾರೆ. "ಉಪ್ಪು ಕಡಿಮೆ" ಎಂದರೆ ಊಟದ ನಂತರ ಯಾರೂ ಯಂತ್ರ ಮುಟ್ಟಬೇಡಿ. ಮುಷ್ಕರ ಮುಗಿಯಿತು, ಅಡುಗೆಯಾಕೆ ನಿವೃತ್ತಳಾದಳು, ಸಂಕೇತಗಳು ಬಳಕೆ ತಪ್ಪಿದವು. ಆದರೆ ಬೋರ್ಡನ್ನು ಅನುಮಾನದಿಂದ ಓದುವ ಚಟ ಮಾತ್ರ ಹಳಬರನ್ನು ಬಿಡಲಿಲ್ಲ. ಒಂದು ಸಲ ಲಾಠಿ ತಿಂದವನಿಗೆ ಬಿದಿರು ಕಂಡರೂ ಬೆನ್ನು ಜುಮ್ಮೆನ್ನುತ್ತದೆ. ಗಾಡಿ ಮನಸ್ಸು ಬದಲಾಯಿಸಿದ ದಿನದಿಂದಲೇ ಅವರು ಒಳಗೊಳಗೇ ಲೆಕ್ಕ ಹಾಕುತ್ತಿದ್ದರು, ಇದರ ಅರ್ಥವೇನೆಂದು.

ಕಥೆ ಏಳನೆಯ ಸಾಲಿಗೆ ಬಂದ ಸೋಮವಾರದಿಂದ ಹೊಸ ಮ್ಯಾನೇಜರು ಊಟದ ಹೊತ್ತನ್ನು ಮೂವತ್ತು ನಿಮಿಷದಿಂದ ಇಪ್ಪತ್ತಕ್ಕೆ ಇಳಿಸಿದ್ದ. ನೋಟಿಸು ಅಂಟಿಸಿದ, ಊಟ ಮುಗಿಯುವ ಗಂಟೆಯನ್ನು ಒಂದರಿಂದ ಹನ್ನೆರಡೂ ಐವತ್ತಕ್ಕೆ ತಂದ, ಮುಗಿಯಿತು. ಎರಡು ದಿನ ಜನ ಗೊಣಗಿಕೊಂಡೇ ನುಂಗಿದರು. ಮಂಗಳವಾರ ವೈಂಡಿಂಗಿನ ಹಿರಿಯಳು, ಎಲ್ಲರೂ ತಂತಿಯಕ್ಕ ಎನ್ನುವವಳು, ಗಂಟೆ ಹೊಡೆದಾಗ ಅರ್ಧ ಊಟವನ್ನು ಬಕೆಟ್ಟಿಗೆ ಸುರಿದು ಓಡಿದ್ದನ್ನು ಸೌಟಮ್ಮ ಕಂಡಳು. ಅದರ ಬಗ್ಗೆ ಮಾತೆತ್ತುವ ಹಕ್ಕು ಅವಳಿಗಿರಲಿಲ್ಲ. ಕ್ಯಾಂಟೀನಿನದು ಗುತ್ತಿಗೆ ಕೆಲಸ, ಕಾರ್ಮಿಕ ಸಂಘದ ನೆರಳು ಅಲ್ಲಿಗೆ ಬೀಳುತ್ತಿರಲಿಲ್ಲ.

ಬುಧವಾರ ಬೋರ್ಡಿನ ಮುಂದೆ ನಿಂತಾಗ ಕಥೆಯ ಹೆಂಗಸು ತಾನಾಗಿಯೇ ಹೆಜ್ಜೆ ಎತ್ತಿದಳು. ಒಂಬತ್ತನೆಯ ಸಾಲು ಹೀಗೆ ಬಂತು: "ಇವತ್ತು ಅವಳು ಸೌಟು ಕೆಳಗಿಟ್ಟಳು. ತಟ್ಟೆ ಹಿಡಿದು ಅಂಗಳಕ್ಕೆ ಬಂದು, ಎಲ್ಲರ ಕಣ್ಣೆದುರು ಕೂತಳು."

ಚೆನ್ನಾಗಿದೆ ಅನ್ನಿಸಿತು. ಕೈ ಒರೆಸಿಕೊಂಡು ಬಡಿಸಲು ಹೋದಳು.

ಮೊದಲು ಓದಿದವರು ವೈಂಡಿಂಗಿನವರು. ತಂತಿಯಕ್ಕ ಎರಡು ಸಲ ಓದಿದಳು, ಪಕ್ಕದವಳ ಪಕ್ಕೆಗೆ ತಿವಿದಳು. ಊಟ ಹಾಕಿಸಿಕೊಂಡು ಬೆಂಚಿನ ಕಡೆ ಹೋಗುವ ಬದಲು ಸೀದಾ ಅಂಗಳಕ್ಕೆ ಹೋಗಿ ನೆಲದ ಮೇಲೆ ಕೂತಳು. ಅವಳ ಹಿಂದೆ ನಲವತ್ತು ಹೆಂಗಸರು. ವೈಂಡಿಂಗಿನವರಿಗೆ ಎಲ್ಲ ಗೊತ್ತಿದೆಯೆಂದು ಪೇಂಟಿನವರಿಗೆ ಅನ್ನಿಸಿತು, ಅವರೂ ಕೂತರು. ರೆಕ್ಕೆ ಜೋಡಿಸುವವರು ಪೇಂಟಿನವರನ್ನು ನೋಡಿ ಕೂತರು. ಪ್ಯಾಕಿಂಗಿನವರು ತಾವೊಬ್ಬರೇ ದ್ರೋಹಿಗಳಾಗುವುದು ಬೇಡವೆಂದು ಕೂತರು. ಹನ್ನೆರಡೂ ಐವತ್ತಕ್ಕೆ ಗಂಟೆ ಹೊಡೆಯಿತು. ಒಬ್ಬರೂ ಏಳಲಿಲ್ಲ.

ಸೌಟಮ್ಮ ಕ್ಯಾಂಟೀನಿನ ಬಾಗಿಲಿಂದ ಇಣುಕಿದಳು. ಒಳಗೆ ಸೆಖೆ, ಅದಕ್ಕೆ ಹೊರಗೆ ಕೂತಿದ್ದಾರೆ ಎಂದುಕೊಂಡು ಪಾತ್ರೆಗೆ ನೀರು ಬಿಟ್ಟಳು.

ಒಂದು ಗಂಟೆಗೆ ಮ್ಯಾನೇಜರು ಬಂದ. ಅವನ ಹಿಂದೆ, ಅವನಷ್ಟೇ ಬೆವರುತ್ತ, ಸಂಘದ ಕಾರ್ಯದರ್ಶಿ ಮೈಕಣ್ಣ. ಮೈಕು ಕೈಗೆ ಸಿಕ್ಕರೆ ಕಿತ್ತುಕೊಳ್ಳಲು ಇಬ್ಬರು ಬೇಕಾಗುತ್ತಿದ್ದುದರಿಂದ ಆ ಹೆಸರು.

"ಯಾರು ಬರೆಯೋಕೆ ಹೇಳಿದ್ದು ಇದನ್ನ?" ಮ್ಯಾನೇಜರು ಬೋರ್ಡಿನ ಕಡೆ ಬೆರಳು ಮಾಡಿದ.

"ಯಾರೂ ಹೇಳಿಲ್ಲ ಸಾರ್. ಕಥೆ ಸಾರ್ ಅದು."

"ಕಥೆ ಕಟ್ಟಬೇಡ! ಇನ್ನೂರು ಜನ ಕೂತಿದಾರೆ ಹೊರಗೆ!"

ಮೈಕಣ್ಣ ಅವಳ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ. "ಸಂಘದ ಮೇಲಿನವರು ಹೇಳಿದ್ರೇನಮ್ಮ? ನನಗೊಂದು ಮಾತು ತಿಳಿಸಬಾರದಿತ್ತಾ? ನಾನು ಕಾರ್ಯದರ್ಶಿ ಕಣಮ್ಮ!"

"ಯಾವ ಮೇಲಿನವರಣ್ಣ? ಆವತ್ತು ಆಲೂಗಡ್ಡೆ ಬರಲಿಲ್ಲ, ಅದಕ್ಕೆ ಶುರು ಮಾಡಿದೆ."

ಮೈಕಣ್ಣ ಅವಳನ್ನು ಹೊಸದಾಗಿ ನೋಡಿದ. ಇಷ್ಟು ಚೆನ್ನಾಗಿ ಬಾಯಿ ಮುಚ್ಚಿಕೊಳ್ಳುವ ಹೆಂಗಸು ಸಂಘದಲ್ಲಿ ಇಲ್ಲವಲ್ಲ ಎಂಬ ಗೌರವ ಅವನ ಕಣ್ಣಲ್ಲಿತ್ತು.

ಮ್ಯಾನೇಜರು ಗಡಿಯಾರ ತೋರಿಸಿದ. "ಕಾಲು ಗಂಟೆ ಕೊಡ್ತೀನಿ. ಅಷ್ಟರಲ್ಲಿ ಅವರು ಒಳಗೆ ಹೋಗಿರಬೇಕು, ಇಲ್ಲಾಂದ್ರೆ ನೀನು ಹೊರಗೆ. ಗೇಟಿಂದ ಹೊರಗೆ. ಅರ್ಥವಾಯ್ತಾ?"

ಅರ್ಥವಾಗದ್ದೇನಿತ್ತು? ಗಂಡನ ಗಾಡಿಗೆ ವಾರದಲ್ಲಿ ಮೂರು ದಿನ ಬಾಡಿಗೆ ಸಿಕ್ಕರೆ ಹೆಚ್ಚು. ಉಳಿದ ನಾಲ್ಕು ದಿನ ಮನೆ ನಿಂತಿದ್ದದ್ದು ಈ ಸೌಟಿನ ಮೇಲೆ. ಒಂದು ಸಾಲು ಬರೆದ ತಪ್ಪಿಗೆ ಅದು ಕೈಬಿಡುವ ಹಾಗಿತ್ತು. ಸೂರ್ಯನನ್ನೇ ಬೆಟ್ಟದ ಮೇಲೆ ಬಿಟ್ಟಿದ್ದರೆ ಆಗುತ್ತಿರಲಿಲ್ಲವೇ ಎನಿಸಿತು. ಸೂರ್ಯನಿಂದ ಯಾರ ಕೆಲಸವೂ ಹೋದದ್ದಿಲ್ಲ.

ಸೆರಗಿಗೆ ಕೈ ಒರೆಸುತ್ತ ಅಂಗಳಕ್ಕೆ ಓಡಿದಳು.

"ತಂತಿಯಕ್ಕ, ಏಳಿ ಒಳಗೆ. ಅದು ಬರೀ ಕಥೆ ಕಣಕ್ಕ!"

ತಂತಿಯಕ್ಕ ಕಣ್ಣು ಮಿಟುಕಿಸಿದಳು. "ಹೌದು ಹೌದು. ಕಥೆನೇ. ಯಾರು ಇಲ್ಲ ಅಂದ್ರು?"

"ಅಯ್ಯೋ, ನನ್ನಾಣೆಗೂ ಕಥೆ! ಇದರಲ್ಲಿ ಯಾವ ಸೂಚನೆಯೂ ಇಲ್ಲ!"

"ಹಳೇ ಅಡುಗೆಯವಳೂ ಹೀಗೇ ಅಂತಿದ್ದಳು," ಎಂದು ತಂತಿಯಕ್ಕ ಪಕ್ಕದವಳಿಗೆ ಮೆಚ್ಚಿ ನುಡಿದಳು. "ಕೊನೇವರೆಗೂ ಒಪ್ಪಿಕೊಳ್ಳಲಿಲ್ಲ ಪುಣ್ಯಾತ್ಗಿತ್ತಿ. ಆದರೆ ಇವಳು ಅವಳಿಗಿಂತ ಗಟ್ಟಿ ಬಿಡು, ಕಣ್ಣಲ್ಲಿ ನೀರು ಬೇರೆ ತರಿಸ್ತಾಳೆ."

ಮುಷ್ಕರದ ಕಾಲದಲ್ಲಿ ಈ ಬೋರ್ಡು ಗುಟ್ಟಿನ ಸುದ್ದಿ ಹೇಳುತ್ತಿತ್ತೆಂದು ಪಕ್ಕದವಳು ಬಿಡಿಸಿ ಹೇಳಿದಾಗಲೇ ಸೌಟಮ್ಮನಿಗೆ ಆ ಹಳೆಯ ಅಡುಗೆಯಾಕೆಯ ವಿಷಯ ತಿಳಿದದ್ದು. ತಲೆಯ ಮೇಲೆ ಕೈ ಹೊತ್ತು ಕೆಳಗೆ ಕುಕ್ಕರಿಸಿದಳು. ಅವಳೂ ಕೂತಳೆಂದು ಹಿಂದಿನ ಸಾಲಿನಿಂದ ಯಾರೋ ಚಪ್ಪಾಳೆ ತಟ್ಟಿದರು.

ಕೂತಲ್ಲಿಂದ ಅವರ ಮುಖ ನೋಡಿದಳು. ಕೌಂಟರಿನ ಹಿಂದಿನಿಂದ ದಿನವೂ ನೋಡುವ ಮುಖಗಳೇ. ಮೇಲೆ ಹುಮ್ಮಸ್ಸಿತ್ತು, ಕೆಳಗೆ ಪುಕ್ಕಲು. ಪ್ಯಾಕಿಂಗಿನ ಹೆಂಗಸೊಬ್ಬಳು ಖಾಲಿ ತಟ್ಟೆಯನ್ನು ಸುಮ್ಮನೆ ಕೆರೆಯುತ್ತಿದ್ದಳು. ಪೇಂಟಿನವನು ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದ. ಕೂರುವುದು ಸುಲಭ, ಯಾರು ಬೇಕಾದರೂ ಕೂರಬಹುದು. ಮರ್ಯಾದೆ ಉಳಿಸಿಕೊಂಡು ಏಳುವುದಿದೆಯಲ್ಲ, ಅಲ್ಲಿ ದೊಡ್ಡ ದೊಡ್ಡ ಚಳವಳಿಗಳ ಸೊಂಟವೇ ಮುರಿದಿದೆ. ಇವರಿಗೆ ಬೇಡಿಕೆಪಟ್ಟಿ ಇರಲಿಲ್ಲ, ಮುಂದಾಳು ಇರಲಿಲ್ಲ, ಏಳಿ ಎನ್ನುವವರೂ ಇರಲಿಲ್ಲ. ಎಲ್ಲರ ಕಣ್ಣೂ ಓಡಿ ಓಡಿ ಒಂದೇ ಕಡೆ ನಿಲ್ಲುತ್ತಿತ್ತು. ಬೋರ್ಡಿನ ಮೇಲೆ.

ಇವರು ಮುಂದಿನ ಸಾಲಿಗೆ ಕಾಯುತ್ತಿದ್ದಾರೆ.

ಅದು ಹೊಳೆದ ಕೂಡಲೇ ಎದ್ದಳು. ಒತ್ತಿದ ರಭಸಕ್ಕೆ ಸೀಮೆಸುಣ್ಣ ಎರಡು ತುಂಡಾಯಿತು. ಉಳಿದ ತುಂಡಿನಲ್ಲಿ ಬರೆದಳು: "ಆಮೇಲೆ ಅವಳು ಬೇಗ ಬೇಗ ಎದ್ದು ಒಳಗೆ ಹೋದಳು."

ಹಿಂದೆ ಸರಿದು ಓದಿಕೊಂಡಳು. ಸುಳ್ಳು. ವರ್ಷಗಟ್ಟಲೆ ಮೋರಿಯ ಪಕ್ಕ ನಿಂತು ಉಂಡವಳು, ಒಂದು ದಿನ ಧೈರ್ಯ ಮಾಡಿ ಅಂಗಳದಲ್ಲಿ ಕೂತವಳು, ಯಾರೋ ಗದರಿದರೆಂದು ಬೇಗ ಬೇಗ ಏಳುತ್ತಾಳೆಯೇ? ಏಳುವುದಿಲ್ಲ. ಇದನ್ನು ಓದಿದವರೂ ಏಳುವುದಿಲ್ಲ. ಕೆಲಸ ಹೋದರೆ ಹೋಗಲಿ ಎಂದಲ್ಲ, ಕೆಲಸ ಉಳಿಯಬೇಕಾದರೂ ಆ ಹೆಂಗಸು ನಿಜ ಹೇಳಲೇಬೇಕಿತ್ತು. ಅಂಗೈಯಲ್ಲಿ ಅಳಿಸಿದಳು.

"ಇನ್ನು ಆರು ನಿಮಿಷ," ಎಂದ ಮ್ಯಾನೇಜರು. "'ಎಲ್ಲರೂ ಕೆಲಸಕ್ಕೆ ಮರಳಿ' ಅಂತ ದಪ್ಪಕ್ಷರದಲ್ಲಿ ಬರಿ, ಸಾಕು."

"ಹೋರಾಟ ಮುಂದುವರಿಯಲಿದೆ ಅಂತಾನೂ ಬರೀಬೇಕು," ಎಂದ ಮೈಕಣ್ಣ.

"ಇಬ್ಬರೂ ಸ್ವಲ್ಪ ಬಾಯಿ ಮುಚ್ಕೊಂಡಿರ್ತೀರಾ?" ಎಂದಳು ಸೌಟಮ್ಮ. ತಾನು ಏನೆಂದೆನೆಂದು ಅವಳಿಗೂ ಕೇಳಿಸಲಿಲ್ಲ. ಕಥೆಯ ಹೆಂಗಸು ಈಗ ಎಲ್ಲಿದ್ದಾಳೆ? ಅಂಗಳದಲ್ಲಿ. ಕೈಯಲ್ಲಿ ತಟ್ಟೆ. ಹಸಿದಿದ್ದಾಳೆ. ಹಸಿದವಳು ಏನು ಮಾಡುತ್ತಾಳೆ?

ಬರೆದಳು:

"ಕೂತು, ಕೊನೆಯ ತುತ್ತಿನವರೆಗೂ ಅಗಿದು ಉಂಡಳು. ಬಾಯಿ ತೊಳೆದಳು. ಹೊಟ್ಟೆ ತುಂಬಿತು. ಆಮೇಲೆ, ಯಾರೂ ಕರೆಯದೆ, ತಾನೇ ಎದ್ದು ಒಳಗೆ ಹೋದಳು. ನಾಳೆಯೂ ಹೀಗೇ ಕೂತು ಉಣ್ಣುತ್ತಾಳೆ."

ಅಂಗಳ ಓದಿತು. ಓದು ಬಾರದವರಿಗೆ ಪಕ್ಕದವರು ಓದಿ ಹೇಳಿದರು. ತಂತಿಯಕ್ಕ ತಲೆಯಾಡಿಸಿದಳು. ಅವಸರವಿಲ್ಲದೆ ತಟ್ಟೆಯಲ್ಲಿ ಉಳಿದಿದ್ದ ಮೊಟ್ಟೆಯ ಚೂರನ್ನು ಬಾಯಿಗಿಟ್ಟು, ಅಗಿದು, ನುಂಗಿ, ನಲ್ಲಿಗೆ ಹೋಗಿ ಬಾಯಿ ತೊಳೆದು, ಸೆರಗಿನಿಂದ ಒರೆಸಿಕೊಂಡು, ವೈಂಡಿಂಗಿನ ಬಾಗಿಲ ಕಡೆ ನಡೆದಳು. ಹಿಂದೆ ನಲವತ್ತು ಹೆಂಗಸರು. ನಲ್ಲಿಗಳ ಮುಂದೆ ಸಾಲುಗಳು ನಿಂತವು. ಬಾಯಿ ತೊಳೆಯದೆ ಒಬ್ಬರೂ ಒಳಗೆ ಹೋಗಲಿಲ್ಲ. ಒಂದೂಕಾಲಿಗೆ ಯಂತ್ರಗಳು ಗುಂಯ್‌ಗುಟ್ಟತೊಡಗಿದವು.

ಮ್ಯಾನೇಜರು ಬೋರ್ಡಿನ ಕೊನೆಯ ವಾಕ್ಯಕ್ಕೆ ಬೆರಳಿಟ್ಟ. "ನಾಳೆಯೂ ಅಂದ್ರೆ?"

"ಅವಳ ಮನೆ ಅಂಗಳ ಸಾರ್," ಎಂದಳು ಸೌಟಮ್ಮ. "ಅವಳಿಷ್ಟ."

ಅವನು ಗಡಿಯಾರ ನೋಡಿಕೊಂಡು ತನ್ನ ಕೋಣೆಗೆ ಹೊರಟ. ಜನ ಒಳಗೆ ಹೋಗಿದ್ದರು, ಮಾತಿನಂತೆ ಇವಳು ಹೊರಗೆ ಹೋಗಬೇಕಿರಲಿಲ್ಲ. ಅವನು ಹೋದ ಮೇಲೆ ಸೌಟಮ್ಮ ಅಡುಗೆಕೋಣೆಯ ಗೋಡೆಗೆ ಒರಗಿ ನಿಂತಳು. ಎದೆಯ ಮೇಲಿಂದ ಯಾರೋ ರುಬ್ಬುಗುಂಡು ಎತ್ತಿಟ್ಟ ಹಾಗಿತ್ತು. ಮೊದಲು ನಗು ಬಂತು, ಆಮೇಲೆ ಬಿಕ್ಕಳಿಕೆ ಬಂತು. ನೀರು ಕುಡಿದಳು.

ಹೋರಾಟ ಗೆದ್ದಿತು ಎಂದು ಬರೆದರೆ ಸುಳ್ಳಾಗುತ್ತದೆ. ಮರುದಿನವೂ ಗಂಟೆ ಹನ್ನೆರಡೂ ಐವತ್ತಕ್ಕೇ ಹೊಡೆಯಿತು. ಜನ ಕೂತು ಒಂದು ಗಂಟೆಯವರೆಗೂ ಉಂಡರು, ಆಮೇಲೆ ಎದ್ದು ಹೋದರು. ಮ್ಯಾನೇಜರು ತನ್ನ ಕೋಣೆಯ ಕಿಟಕಿ ಹಾಕಿಕೊಂಡ. ಎರಡನೆಯ ವಾರದಲ್ಲಿ ಗಂಟೆ ಹೊಡೆಯುವವನು, ಯಾರೂ ಏಳದ ಗಂಟೆ ಹೊಡೆಯಲು ನಾಚಿಕೆಯಾಗಿ, ಅದನ್ನು ಒಂದು ಗಂಟೆಗೆ ಸರಿಸಿದ. ನೋಟಿಸು ಇಂದಿಗೂ ಗೋಡೆಯ ಮೇಲಿದೆ, ಅದರ ಮೇಲೆ ಯಾರೋ ಛತ್ರಿ ನೇತುಹಾಕುತ್ತಾರೆ.

ಆದರೆ ಸೌಟಮ್ಮನ ಕಷ್ಟ ಗುರುವಾರ ಬೆಳಿಗ್ಗೆಯೇ ಶುರುವಾಗಿತ್ತು. ಇನ್ನು ಬರೆಯುವುದೋ ಬೇಡವೋ? ಗಂಡ ಹೇಳಿದ್ದ, "ಅನ್ನ ಬೇಳೆ ಬರೆದು ಒಳಗೆ ಹೋಗು. ನಿನ್ನ ಕಥೆ ಯಾರಿಗೆ ಬೇಕಿದೆ?" ನಾದಿನಿ ಹೇಳಿದ್ದಳು, "ಇನ್ನೂರು ಜನ ಎದ್ದು ಕೂತಿದಾರೆ, ಇನ್ಯಾರಿಗೆ ಬೇಕು ಅಂತೀಯಣ್ಣ?" ಹನ್ನೊಂದಕ್ಕೆ ಮೈಕಣ್ಣ ಮಡಿಚಿದ ಕಾಗದ ಹಿಡಿದು ಬಂದ. ಒಳಗೆ ಆರು ಘೋಷಣೆಗಳಿದ್ದವು.

"ಇದನ್ನ ನಿನ್ನ ಕಥೆಯೊಳಗೆ ಅಲ್ಲಲ್ಲಿ ಸೇರಿಸಮ್ಮ. ಜನಕ್ಕೆ ಮುಟ್ಟುತ್ತೆ."

"ಆ ಹೆಂಗಸು ಹೀಗೆಲ್ಲ ಮಾತಾಡಲ್ಲಣ್ಣ."

"ಮಾತಾಡೋ ಹಾಗೆ ಮಾಡು. ನಿನ್ನ ಕೈಲೇ ಇದಾಳಲ್ಲ."

"ನನ್ನ ಕೈಲಿದ್ದಿದ್ರೆ ನಿನ್ನೆ ಅಂಗಳಕ್ಕೇ ಹೋಗ್ತಿರಲಿಲ್ಲ," ಎಂದಳು ಸೌಟಮ್ಮ. ಕಾಗದ ವಾಪಸು ಕೊಟ್ಟು, ಬೇಜಾರಾಗದಿರಲೆಂದು ಒಂದು ಲೋಟ ಟೀಯನ್ನೂ ಕೊಟ್ಟಳು.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಬೋರ್ಡಿನ ಮುಂದೆ ನಿಂತಳು. ಅನ್ನ, ಬೇಳೆ, ಆಲೂಗಡ್ಡೆ, ಮೊಟ್ಟೆ. ಕೆಳಗೆ ಖಾಲಿ ಕಪ್ಪು. ಏನು ಬರೆದರೆ ಇವರು ಯಾವ ಅರ್ಥ ಹಚ್ಚುತ್ತಾರೋ ಎಂದು ಒಂದು ಗಳಿಗೆ ಕೈ ಕಟ್ಟಿಹೋಯಿತು. ಬಾಗಿಲು ಅಂದರೆ ಗೇಟು ಎನ್ನುತ್ತಾರೆ, ಬೆಂಕಿ ಅಂದರೆ ಕೇಳುವುದೇ ಬೇಡ. ಎಲ್ಲಕ್ಕೂ ಹೆದರಿದರೆ ಕೊನೆಗೆ ಸೂರ್ಯನೇ ಗತಿ. ಅವಳು ಆ ಹೆಂಗಸಿನ ಹಿಂದೆಯೇ ಮನೆಯೊಳಗೆ ಹೋಗಿ ನೋಡಿದಳು. ಅಲ್ಲಿ ಯಾರಿದ್ದಾರೆ? ಹೊಟ್ಟೆ ತುಂಬ ಉಂಡು ಒಳಗೆ ಬಂದ ಸೊಸೆಯನ್ನು ಯಾರು ಎದುರುಗೊಳ್ಳುತ್ತಾರೆ?

ಬರೆದಳು: "ಬಾಗಿಲಲ್ಲಿ ಅತ್ತೆ ನಿಂತಿದ್ದಳು. ತಟ್ಟೆ ನೋಡಿದಳು, ಸೊಸೆಯ ಮುಖ ನೋಡಿದಳು. ಉಪ್ಪು ಜಾಸ್ತಿಯಾಗಿತ್ತು ಎಂದಳು."

ಗಂಟೆ ಹೊಡೆಯಿತು. ಸಾಲು ಬಂತು. ಸೌಟು ಹಿಡಿದು ನಿಂತವಳ ಕಣ್ಣು ತಟ್ಟೆಗಳ ಮೇಲಿರಲಿಲ್ಲ. ಆ ದಿನ ಮೊದಲ ಬಾರಿಗೆ ಯಾರಿಗೋ ಅರ್ಧ ಸೌಟು ಹೆಚ್ಚು ಬಿತ್ತು. ಪೇಂಟಿನವನು ಓದಿ ನಕ್ಕ. ಪ್ಯಾಕಿಂಗಿನವಳು ಬಾಯಲ್ಲಿ ಅನ್ನ ತುಂಬಿಕೊಂಡೇ ಕೂಗಿದಳು, "ಅಯ್ಯೋ, ಈ ಅತ್ತೆ ನಮ್ಮನೇಲೇ ಇದಾಳೆ ಕಣ್ರೇ!" ಬೆಂಚಿನ ಈ ತುದಿಯಿಂದ ಆ ತುದಿಗೆ ನಗು ಹರಿಯಿತು, ಅಗುಳು ಹಾರಿದವು. ಯಾರೂ ಪಿಸುಗುಟ್ಟಲಿಲ್ಲ, ಯಾರೂ ಯಾರ ಪಕ್ಕೆಗೂ ತಿವಿಯಲಿಲ್ಲ.

ತಂತಿಯಕ್ಕ ಮಾತ್ರ ತಟ್ಟೆ ಹಿಡಿದು ಕೌಂಟರಿಗೆ ಬಂದು, ಮುಖವನ್ನು ಹತ್ತಿರ ತಂದು, ದನಿ ತಗ್ಗಿಸಿದಳು.

"ಲೇ, ನಿಜ ಹೇಳು. ಉಪ್ಪು ಅಂದಿದೀಯ. ಏನಾದ್ರೂ ಅರ್ಥ ಇದೆಯೇನೆ?"

"ಇಲ್ಲಕ್ಕ. ಅತ್ತೆ, ಅಷ್ಟೇ."

ತಂತಿಯಕ್ಕ ಇನ್ನೊಂದು ಸಲ ಬೋರ್ಡು ನೋಡಿದಳು, ಸೌಟಮ್ಮನ ಮುಖ ನೋಡಿದಳು. ಕೊನೆಗೆ ನಂಬಿದಳು.

"ಸದ್ಯ!" ಎಂದು ಉಸಿರುಬಿಟ್ಟಳು. "ಹಾಗಾದ್ರೆ ಇನ್ನೊಂದು ಸೌಟು ಹಾಕು. ನಿಶ್ಚಿಂತೆಯಿಂದ ಉಣ್ತೀನಿ."